ಓದುಗರ ಪ್ರಶ್ನೆ: ಡಬ್ಬಿಯಲ್ಲಿರುವ ಕಾರ್ಡಿಗೆ ಬೆಲೆ ಎಷ್ಟು?

ರಜೆಯಲ್ಲಿ ಅಟ್ಟ ಗುಡಿಸಿ, ಹಳೇ ಟ್ರಂಕು ತೆಗೆದವರಿಂದ ಬಂದ ಪತ್ರಗಳೇ ಈ ಸಲ ಹೆಚ್ಚು. ಪೋಕೆಮಾನ್, ಕ್ರಿಕೆಟ್, ಕುಸ್ತಿ ಕಾರ್ಡುಗಳ ಬಗ್ಗೆ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದುಕೊಂಡಿದ್ದೇವೆ. ಮಬ್ಬಾದ ಒಂದೇ ಫೋಟೊ ಕಳಿಸಿ ‘ಇದಕ್ಕೆ ಎಷ್ಟು ಬರುತ್ತದೆ?’ ಎಂದಷ್ಟೇ ಕೇಳಿದವರಿಗೆ ಈ ಸಲ ಉತ್ತರವಿಲ್ಲ. ಹಿಂಬದಿಯನ್ನೂ ನಾಲ್ಕು ಮೂಲೆಗಳನ್ನೂ ನೋಡದೆ ಬೆಲೆ ಹೇಳಿದರೆ ಅದು ಕಣಿ ಹೇಳಿದಂತಾಗುತ್ತದೆ.

ಮಗ ಶಾಲೆಯ ಎದುರಿನ ಅಂಗಡಿಯಿಂದ ಎರಡು ವರ್ಷದಲ್ಲಿ ನಾನೂರು ಪೋಕೆಮಾನ್ ಕಾರ್ಡು ಕೂಡಿಹಾಕಿದ್ದಾನೆ. ಅದರಲ್ಲಿ ನಲವತ್ತು ಬಂಗಾರದ ಬಣ್ಣದವು. ಒಂದೊಂದು ಲಕ್ಷಕ್ಕೆ ಹೋಗುತ್ತವೆ ಅಂತ ಅವನ ಗೆಳೆಯರು ತಲೆ ತುಂಬಿದ್ದಾರೆ. ನಿಜವೇ?
— ಒಬ್ಬ ತಂದೆ, ವಿದ್ಯಾನಗರ, ದಾವಣಗೆರೆ

ಬಂಗಾರದ ಬಣ್ಣದ ನಲವತ್ತನ್ನೂ ಮೊದಲು ಬದಿಗಿಡಿ. ಬಿಡಿಯಾಗಿ ಹತ್ತಿಪ್ಪತ್ತು ರೂಪಾಯಿಗೆ ಸಿಗುವ, ಮೈಯೆಲ್ಲ ಹಳದಿ ಮಿಂಚಿನ, ಪ್ಲಾಸ್ಟಿಕ್ಕಿನಂತೆ ಬಳುಕುವ ಕಾರ್ಡುಗಳೆಲ್ಲ ನಕಲಿ. ಕಂಪನಿ ಲೋಹದ ಕಾರ್ಡು ತಂದದ್ದೇ ಇಲ್ಲ ಎಂದಲ್ಲ. 2021ರಲ್ಲಿ 25ನೇ ವರ್ಷದ ನೆನಪಿಗೆ ತಂದ ದುಬಾರಿ ಪೆಟ್ಟಿಗೆಯೊಂದರಲ್ಲಿ ಚಾರಿಜಾರ್ಡ್, ಪಿಕಾಚು ಪಾತ್ರಗಳ ಲೋಹದ ಕಾರ್ಡುಗಳಿದ್ದವು. ಆದರೆ ಅವು ಶಾಲೆಯ ಮುಂದೆ ದಾರಕ್ಕೆ ತೂಗುಹಾಕಿದ ಪ್ಯಾಕಿನಲ್ಲಿ ಬರುವಂಥವಲ್ಲ.

ಉಳಿದ ಮುನ್ನೂರರವತ್ತನ್ನು ಜರಡಿ ಹಿಡಿಯಲು ಒಂದು ಭಾನುವಾರ ಸಾಕು. ಖಂಡಿತ ಅಸಲಿ ಎಂದು ಗೊತ್ತಿರುವ ಒಂದು ಕಾರ್ಡು ಕೈಯಲ್ಲಿರಬೇಕು, ಅಧಿಕೃತವಾಗಿ ಆಮದಾದ ಪ್ಯಾಕಿನದು. ಅತಿ ಅಗ್ಗದ ಸಾಮಾನ್ಯ ಕಾರ್ಡಾದರೂ ಸರಿ. ಮುಂದಿನ ಪರೀಕ್ಷೆಯೆಲ್ಲ ಅದರ ಜೊತೆಗಿಟ್ಟು ನೋಡುವುದೇ.

ಮೊದಲು ಅಳತೆ. ಅಸಲಿ ಕಾರ್ಡು 63 ಮಿ.ಮೀ. ಅಗಲ, 88 ಮಿ.ಮೀ. ಉದ್ದ. ಹತ್ತು ಕಾರ್ಡನ್ನು ಅಸಲಿಯ ಜೊತೆ ಜೋಡಿಸಿ ಮೇಜಿಗೆ ತಟ್ಟಿದರೆ ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆ ಇದ್ದದ್ದು ತಾನಾಗಿ ಹೊರಗೆ ಇಣುಕುತ್ತದೆ. ಮೂಲೆಯ ದುಂಡು ಕೂಡ ಅಲ್ಲೇ ಗೊತ್ತಾಗುತ್ತದೆ. ಎರಡನೆಯದು ಹಿಂಬದಿಯ ನೀಲಿ. ನಕಲಿಯಲ್ಲಿ ಅದು ನೇರಳೆಗೆ ತಿರುಗಿರುತ್ತದೆ ಅಥವಾ ತೊಳೆದ ಬಟ್ಟೆಯಂತೆ ಮಂಕಾಗಿರುತ್ತದೆ. ಮೂರನೆಯದು ಅಕ್ಷರ. ‘ಪೋಕೆಮಾನ್’ ಎಂಬ ಇಂಗ್ಲಿಷ್ ಹೆಸರಿನ ‘ಇ’ ಅಕ್ಷರದ ತಲೆಯ ಮೇಲೆ ಸಣ್ಣ ಓರೆ ಗೆರೆ ಇರಬೇಕು. ನಕಲಿ ಮಾಡುವವರು ಅದನ್ನು ಎಷ್ಟೋ ಸಲ ಮರೆಯುತ್ತಾರೆ. ಕಾಗುಣಿತದ ತಪ್ಪು, ಚಿತ್ರಕ್ಕೂ ಹೆಸರಿಗೂ ಹೊಂದದಿರುವುದು, ಎಚ್‌ಪಿ (ಪಾತ್ರದ ಬಲ ತೋರಿಸುವ ಅಂಕಿ) ಸಾವಿರ ದಾಟಿರುವುದು, ಇವು ಕಂಡರೆ ಮುಂದೆ ನೋಡುವ ಅಗತ್ಯವೇ ಇಲ್ಲ.

ನಾಲ್ಕನೆಯದು ಬೆಳಕು. ಕತ್ತಲೆ ಕೋಣೆಯಲ್ಲಿ ಕಾರ್ಡಿನ ಹಿಂದೆ ಮೊಬೈಲ್ ಟಾರ್ಚ್ ಹಿಡಿಯಿರಿ. ಅಸಲಿ ಕಾರ್ಡಿನ ಎರಡು ಕಾಗದದ ಪದರಗಳ ನಡುವೆ ತೆಳ್ಳಗಿನ ಕಪ್ಪು ಪದರವಿರುವುದರಿಂದ ಬೆಳಕು ಕಷ್ಟಪಟ್ಟು ಹಾಯುತ್ತದೆ. ಅಗ್ಗದ ನಕಲಿ ಲಾಟೀನಿನ ಗಾಜಿನಂತೆ ಹೊಳೆಯುತ್ತದೆ. ಆದರೆ ದಪ್ಪ ರಟ್ಟಿನ ನಕಲಿ ಈ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ, ಇದೊಂದನ್ನೇ ನಂಬಬೇಡಿ. ಐದನೆಯದು ತೂಕ. ಒಂದು ಕಾರ್ಡು ಸುಮಾರು 1.7ರಿಂದ 1.9 ಗ್ರಾಂ ತೂಗುತ್ತದೆ. 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಬೇಕು, ಅಡುಗೆಮನೆಯ ತಕ್ಕಡಿಗೆ ಇದು ಸಿಕ್ಕುವುದಿಲ್ಲ.

ಕೊನೆಯದು ಅಕ್ಕಸಾಲಿಗರು ಕಣ್ಣಿಗಿಡುವ ಹತ್ತು ಪಟ್ಟಿನ ಗಾಜು. ಅಸಲಿಯಲ್ಲಿ ಚಿತ್ರದ ಬಣ್ಣ ಚುಕ್ಕಿಚುಕ್ಕಿಯಾಗಿ ಕಂಡರೂ ಕಪ್ಪು ಅಕ್ಷರ ಮಾತ್ರ ತುಂಬಿದ ಗಟ್ಟಿ ಮಸಿ. ಅಸಲಿಯನ್ನು ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕಿದ ನಕಲಿಯಲ್ಲಿ ಅಕ್ಷರದ ಅಂಚೂ ಚುಕ್ಕಿಗಳಾಗಿ ಒಡೆದಿರುತ್ತದೆ. ಕಣ್ಣಳತೆಗೆ ಸಿಗದ ಒಳ್ಳೆಯ ನಕಲಿಯನ್ನೂ ಹಿಡಿಯುವುದು ಇದೇ. ಹರಿದು ಕಪ್ಪು ಪದರ ನೋಡುವ ಪರೀಕ್ಷೆ ಬೇಡ. ಅಸಲಿಯೇ ಆಗಿದ್ದರೆ ಅಲ್ಲಿಗೆ ಮುಗಿಯಿತು.

ಒಂದು ಮಾತು ಹುಡುಗನ ಪರವಾಗಿ. ನಾನೂರೂ ನಕಲಿಯಾದರೂ ಆಟ ಆಡಲು, ಬದಲಾಯಿಸಿಕೊಳ್ಳಲು ಅಡ್ಡಿಯಿಲ್ಲ. ಇನ್ನೊಬ್ಬ ಹುಡುಗನ ಅಸಲಿಗೆ ಗೊತ್ತಿದ್ದೂ ಇದನ್ನು ಕೊಡಬಾರದು, ಅಷ್ಟೆ.

ಅಮೆರಿಕದಿಂದ ಬಂದ ಮಾವ 1999ರ ಚಾರಿಜಾರ್ಡ್ ಕೊಟ್ಟಿದ್ದಾರೆ. ಕೆಳಗೆ 4/102 ಎಂದಿದೆ. ಇದು ‘ಫಸ್ಟ್ ಎಡಿಷನ್’ ಹೌದೋ ಅಲ್ಲವೋ ತಿಳಿಯುವುದು ಹೇಗೆ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಚಿತ್ರದುರ್ಗ

ಪೋಕೆಮಾನ್ ಕಾರ್ಡಿನ ಆಟ ಜಪಾನಿನಲ್ಲಿ ಶುರುವಾದದ್ದು 1996ರ ಅಕ್ಟೋಬರಿನಲ್ಲಿ. ಇಂಗ್ಲಿಷ್ ಕಾರ್ಡುಗಳನ್ನು ವಿಜರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ 1999ರಲ್ಲಿ ತಂದಿತು. ನಿಮ್ಮ 4/102 ಎಂದರೆ 102 ಕಾರ್ಡುಗಳ ಮೊದಲ ಕಂತು, ‘ಬೇಸ್ ಸೆಟ್’. ಇದೇ ಚಿತ್ರ ಹಲವು ಸಲ ಅಚ್ಚಾಗಿದೆ, ಬೆಲೆಯಲ್ಲಿ ಅಜಗಜಾಂತರವಿದೆ.

ಚಿತ್ರದ ಚೌಕಟ್ಟಿನ ಎಡ ಕೆಳಮೂಲೆಯ ಹತ್ತಿರ ನೋಡಿ. ದುಂಡು ಕಪ್ಪು ಮುದ್ರೆಯೊಳಗೆ ‘1’ ಇದ್ದರೆ ಫಸ್ಟ್ ಎಡಿಷನ್. ಮುದ್ರೆ ಇಲ್ಲದಿದ್ದರೆ ಚೌಕಟ್ಟಿನ ಬಲ ಅಂಚು ನೋಡಿ. ಅಲ್ಲಿ ದಪ್ಪ ನೆರಳಿನ ಗೆರೆ ಇದ್ದರೆ ಅದು ‘ಅನ್‌ಲಿಮಿಟೆಡ್’, ಅತಿ ಹೆಚ್ಚು ಅಚ್ಚಾದದ್ದು. ನೆರಳು ಇಲ್ಲದಿದ್ದರೆ ‘ಶ್ಯಾಡೋಲೆಸ್’. ಫಸ್ಟ್ ಎಡಿಷನ್‌ಗೂ ನೆರಳಿಲ್ಲ. ಖಾತ್ರಿಗೆ ಅಡಿಯ ಹಕ್ಕುಸ್ವಾಮ್ಯದ ಸಾಲು ಓದಿ. ನಿಂಟೆಂಡೊ ಹೆಸರಿನ ಹಿಂದೆ 1995, 96, 98ರ ಜೊತೆ 99 ಕೂಡ ಇದ್ದರೆ ಫಸ್ಟ್ ಎಡಿಷನ್ ಇಲ್ಲವೇ ಶ್ಯಾಡೋಲೆಸ್. ಅನ್‌ಲಿಮಿಟೆಡ್‌ನಲ್ಲಿ ಆ 99 ಇಲ್ಲ. ಸಾಲಿನ ಕೊನೆಗೆ ‘1999-2000’ ಎಂದಿದ್ದರೆ ನಂತರದ ನಾಲ್ಕನೆಯ ಅಚ್ಚು.

ಮುದ್ರೆ ಇದೆ, ನೆರಳೂ ಇದೆ ಎನ್ನುವ ಚಾರಿಜಾರ್ಡ್ ಸಿಕ್ಕರೆ ಕೈ ತೊಳೆದುಕೊಳ್ಳಿ, ಮುದ್ರೆಯನ್ನು ಯಾರೋ ಆಮೇಲೆ ಒತ್ತಿದ್ದಾರೆ. 2000ರ ‘ಬೇಸ್ ಸೆಟ್ 2’ರಲ್ಲಿ ಇದೇ ಚಿತ್ರಕ್ಕೆ 4/130 ಎಂಬ ಸಂಖ್ಯೆ, ಚಿತ್ರದ ಬಲಗಡೆ ಕಂತಿನ ಗುರುತು. 2021ರ ‘ಸೆಲೆಬ್ರೇಷನ್ಸ್’ ಮರುಮುದ್ರಣದಲ್ಲಿ ಮತ್ತೆ 4/102 ಎಂದೇ ಇದೆ, ಆದರೆ 25ನೇ ವರ್ಷದ ಲಾಂಛನ ಒತ್ತಿರುತ್ತಾರೆ. ಹೊಸಬರು ಮೋಸಹೋಗುವುದು ಇಲ್ಲೇ.

ಇದೇ ಕಂತಿನ ಮಚಾಂಪ್ ಎಂಬ ಪಾತ್ರದ ಕಾರ್ಡು ಕೂಡ ಇದ್ದರೆ ಹಿಗ್ಗಬೇಡಿ. ಅದು ಇಬ್ಬರಾಡುವ ಆರಂಭದ ಪೆಟ್ಟಿಗೆಯೊಳಗೆ ಬರುತ್ತಿತ್ತು, ನೆರಳಿರುವ ಸಾಮಾನ್ಯ ಅಚ್ಚಿನಲ್ಲೂ ಫಸ್ಟ್ ಎಡಿಷನ್ ಮುದ್ರೆ ಅದರ ಮೇಲಿತ್ತು. ಹಾಗಾಗಿ ಮುದ್ರೆ ಕಂಡು ಕೊಟ್ಟ ಹಣ ಬಹಳ ಸಲ ದಂಡ.

ಒಂದೇ ಕಾರ್ಡಿಗೆ ಒಂದು ಕಡೆ 2,800, ಇನ್ನೊಂದು ಕಡೆ 40,000 ಎಂದು ಹಾಕಿದ್ದಾರೆ. ಸರಿಯಾದ ಬೆಲೆ ಕಂಡುಹಿಡಿಯುವ ಲೆಕ್ಕ ಏನಾದರೂ ಇದೆಯೇ?
— ಜವಳಿ ವ್ಯಾಪಾರಿ, ದಾವಣಗೆರೆ

ಸೀರೆಗೆ ಅಂಟಿಸಿದ ಚೀಟಿಯ ಬೆಲೆ ಬೇರೆ, ಗಿರಾಕಿ ಗಲ್ಲಾದಲ್ಲಿ ಕೊಟ್ಟುಹೋದ ಬೆಲೆ ಬೇರೆ. ನಿಮಗೆ ಇದನ್ನು ಹೇಳಿಕೊಡಬೇಕಿಲ್ಲ. 40,000 ಎಂಬುದು ಚೀಟಿ. ವರ್ಷಗಟ್ಟಲೆ ಮಾರಾಟವಾಗದೆ ಹಾಗೇ ನೇತಾಡುತ್ತಿರಬಹುದು. ಇ-ಬೇನಂಥ ಆನ್‌ಲೈನ್ ಮಾರಾಟದ ತಾಣಗಳಲ್ಲಿ ‘ಮಾರಾಟವಾದವು’ ಎಂಬ ಸೋಸುಗುಂಡಿ (ಫಿಲ್ಟರ್) ಒತ್ತಿದರೆ ಇತ್ತೀಚೆಗೆ ಕೈಬದಲಾದ ಬೆಲೆಗಳು ಮಾತ್ರ ಕಾಣುತ್ತವೆ. ನೋಡಬೇಕಾದದ್ದು ಅದನ್ನೇ. ಇ-ಬೇಯ ಭಾರತದ ತಾಣ 2018ರಲ್ಲೇ ಮುಚ್ಚಿತು, ಹಾಗಾಗಿ ಅಂತರರಾಷ್ಟ್ರೀಯ ತಾಣ ತೆರೆಯಿರಿ.

ಹೋಲಿಸುವಾಗ ಐದು ಹೊಂದಬೇಕು: ಕಂತು, ಕಾರ್ಡಿನ ಸಂಖ್ಯೆ, ಅಚ್ಚಿನ ಬಗೆ, ಭಾಷೆ, ಸ್ಥಿತಿ. ಇಂಗ್ಲಿಷ್ ಕಾರ್ಡಿನ ಬೆಲೆಯನ್ನು ಜಪಾನಿಗೆ ಹಚ್ಚುವಂತಿಲ್ಲ. ಮಿಂಚಿಲ್ಲದ್ದಕ್ಕೆ ಮಿಂಚಿನದರ ಬೆಲೆ ಕಟ್ಟುವಂತಿಲ್ಲ. ಐದೂ ಹೊಂದಿದ ಕೊನೆಯ ಐದು ಮಾರಾಟ ತೆಗೆದುಕೊಳ್ಳಿ. ರೂಪಾಯಿಯಲ್ಲಿ 2,800, 3,100, 3,000, 7,500, 2,900 ಬಂದವು ಎನ್ನಿ. ಸರಾಸರಿ ಹಾಕಿದರೆ 3,860. ಅದು ತಪ್ಪು ದಾರಿ, ಹರಾಜಿನಲ್ಲಿ ಇಬ್ಬರು ಹಠಕ್ಕೆ ಬಿದ್ದು ಏರಿಸಿದ 7,500 ಇಡೀ ಲೆಕ್ಕವನ್ನು ಮೇಲೆಳೆದಿದೆ. ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದನ್ನು ಹಿಡಿಯಿರಿ: 3,000. ಇದು ಕೊಳ್ಳುವವನ ಬೆಲೆ. ಮಾರುವವನ ಕೈಗೆ ತಾಣದ ಪಾಲು ನೂರಕ್ಕೆ ಹತ್ತರಿಂದ ಹದಿನೈದು, ಕೊರಿಯರ್, ಹಣ ಬದಲಾವಣೆಯ ಖರ್ಚು ಕಳೆದು ಬರುತ್ತದೆ. ಕಾರ್ಡು ವ್ಯಾಪಾರಿಗೇ ಕೊಟ್ಟರೆ ಅರ್ಧದಿಂದ ಮುಕ್ಕಾಲು ಪಾಲು ಸಿಗುವುದು ವಾಡಿಕೆ. ಅವನೂ ಮತ್ತೆ ಮಾರಬೇಕಲ್ಲ.

ಸ್ಥಿತಿಯನ್ನು ಮಾತ್ರ ಎಲ್ಲರೂ ತಮಗೆ ಬೇಕಾದಂತೆ ಹೇಳಿಕೊಳ್ಳುತ್ತಾರೆ. ಮೈಮೇಲೆ ಒಂದು ಮಡಿಕೆ ಗೆರೆ ಇದ್ದರೂ ಅದು ‘ಹೊಸದರಂತೆ’ ಅಲ್ಲ. ಎಷ್ಟೋ ಕಾರ್ಡಿಗೆ ಆ ಒಂದು ಗೆರೆಯಿಂದಲೇ ಅರ್ಧಕ್ಕಿಂತ ಹೆಚ್ಚು ಬೆಲೆ ಹೋಗುತ್ತದೆ.

ಅಪರೂಪ ಎಂಬ ಮಾತಿಗೂ ಒಂದು ಮಿತಿ ಇದೆ. ಕಾರ್ಡಿನ ಕೆಳಗೆ ವೃತ್ತವಿದ್ದರೆ ಸಾಮಾನ್ಯ, ವಜ್ರದಾಕಾರವಿದ್ದರೆ ಅದಕ್ಕಿಂತ ಕಡಿಮೆ ಸಿಗುವಂಥದ್ದು, ನಕ್ಷತ್ರವಿದ್ದರೆ ಅಪರೂಪ. ನಕ್ಷತ್ರವಿದ್ದೂ ಹತ್ತು ರೂಪಾಯಿ ಬಾಳದವು ಸಾವಿರಾರು ಇವೆ. ಕೇಳುವವರಿಲ್ಲದ ಅಪರೂಪಕ್ಕೆ ಬೆಲೆ ಎಲ್ಲಿಂದ ಬರಬೇಕು?

ಕಾರ್ಡಿಗೆ ಅಂಕ ಹಾಕಿಸಲು ಅಮೆರಿಕಕ್ಕೆ ಕಳಿಸಬೇಕೆಂದಿದ್ದೇನೆ. ಕಳಿಸುವ ಮೊದಲು ಮನೆಯಲ್ಲೇ ಏನು ನೋಡಿಕೊಳ್ಳಬೇಕು? ಲಾಭವಿದೆಯೇ?
— ಪದವಿ ವಿದ್ಯಾರ್ಥಿ, ಹರಿಹರ

ಕಾರ್ಡಿನ ಸ್ಥಿತಿ ನೋಡಿ ಹತ್ತಕ್ಕೆ ಇಷ್ಟೆಂದು ಅಂಕ ಕೊಟ್ಟು, ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ ಕಳಿಸುವ ಸಂಸ್ಥೆಗಳು ಅಲ್ಲಿವೆ. ಲಾಭದ ಲೆಕ್ಕ ಮೊದಲು ಮಾಡಿ, ಗಾಜು ಆಮೇಲೆ ಹಿಡಿಯಿರಿ. ಬಿಡಿಯಾಗಿ 3,000 ಬಾಳುವ ಕಾರ್ಡು ಎನ್ನೋಣ. 10 ಅಂಕ ಬಂದರೆ 9,000, 9 ಬಂದರೆ 3,500, 8 ಬಂದರೆ 2,500ಕ್ಕೆ ಹೋಗುತ್ತದೆ. ಶುಲ್ಕ, ಹೋಗಿಬರುವ ಸಾಗಣೆ, ವಿಮೆ, ಕಸ್ಟಮ್ಸ್ ಎಲ್ಲ ಸೇರಿ ಒಂದು ಕಾರ್ಡಿಗೆ 4,000 ತಗಲುತ್ತದೆ ಎಂದಿಟ್ಟುಕೊಳ್ಳಿ. ಅಂಥ ಹತ್ತು ಕಾರ್ಡಿನಲ್ಲಿ ಮೂರಕ್ಕೆ 10, ಐದಕ್ಕೆ 9, ಎರಡಕ್ಕೆ 8 ಬಂತೆಂದರೆ ತಲಾ 4,950 ಸಿಕ್ಕಂತಾಯಿತು. ಖರ್ಚು ಕಳೆದರೆ 950. ಬಿಡಿಯಾಗಿ ಮಾರಿದ್ದರೆ 3,000 ಬರುತ್ತಿತ್ತು! ಈ ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಕಾರ್ಡಿನವನ್ನು ಹಾಕಿ ನೋಡಿ. 9 ಬಂದರೂ ಖರ್ಚು ಹುಟ್ಟುವಂತಿದ್ದರೆ ಮಾತ್ರ ಕಳಿಸಿ. 10ರ ಮೇಲೇ ನಿಂತ ಲೆಕ್ಕ ಜೂಜಿಗೆ ಸಮ.

ಲೆಕ್ಕ ಕೂಡಿ ಬಂತೆನ್ನಿ. ಆಗ ನೋಡಬೇಕಾದದ್ದು ನಾಲ್ಕು: ಸೆಂಟರಿಂಗ್, ಮೂಲೆ, ಅಂಚು, ಮೈ.

ಸೆಂಟರಿಂಗ್ ಎಂದರೆ ಚಿತ್ರ ಸರಿಯಾಗಿ ನಡುವೆ ಕೂತಿದೆಯೇ ಎಂಬುದು. ಪಾರದರ್ಶಕ ಸ್ಕೇಲಿನಿಂದ ಎಡ, ಬಲದ ಅಂಚುಪಟ್ಟಿ ಅಳೆಯಿರಿ. ಎಡಕ್ಕೆ 2, ಬಲಕ್ಕೆ 3 ಮಿ.ಮೀ. ಇದ್ದರೆ ಒಟ್ಟು ಐದರಲ್ಲಿ ಎರಡು, ಅಂದರೆ 40-60. ಮೇಲೆ ಕೆಳಗೂ ಹೀಗೇ. ಅಂಕ ಕೊಡುವ ಸಂಸ್ಥೆಗಳಲ್ಲೊಂದಾದ ಪಿಎಸ್‌ಎ 10 ಅಂಕ ಕೊಡಬೇಕಾದರೆ ಮುಂಬದಿ ಹೆಚ್ಚೆಂದರೆ 55-45ರ ಆಸುಪಾಸು, ಹಿಂಬದಿ 75-25ರೊಳಗೆ ಇರಬೇಕು. 40-60 ಇರುವ ಕಾರ್ಡು ಉಳಿದೆಲ್ಲದರಲ್ಲೂ ಚೊಕ್ಕವಿದ್ದರೂ 10 ಕಾಣುವುದಿಲ್ಲ. ಈ ದೋಷ ಕಾರ್ಖಾನೆಯಲ್ಲಿ ಕತ್ತರಿಸುವಾಗಲೇ ಆದದ್ದು, ಯಾವ ಜೋಪಾನವೂ ಸರಿಮಾಡದು.

ಮೂಲೆ, ಅಂಚುಗಳನ್ನು ಹಿಂಬದಿಯಿಂದ ನೋಡಿ. ಕಡು ನೀಲಿಯ ಮೇಲೆ ಬಿಳಿ ಚುಕ್ಕಿ ಎದ್ದು ಕಾಣುತ್ತದೆ. ಮೈ ನೋಡುವಾಗ ಕೋಣೆಯ ದೀಪ ಆರಿಸಿ ಒಂದೇ ಟಾರ್ಚನ್ನು ಬದಿಯಿಂದ ಹಿಡಿದು ಕಾರ್ಡನ್ನು ನಿಧಾನ ಓಲಾಡಿಸಿ. ಗೀರು, ಅಚ್ಚಿನ ಯಂತ್ರದ ಗೆರೆ, ಉಗುರು ತಗುಲಿದ ತಗ್ಗು, ಎಲ್ಲ ನೆರಳಾಗಿ ಏಳುತ್ತವೆ. ನೇರ ಬೆಳಕಿನಲ್ಲಿ ಇವು ಒಂದೂ ಕಾಣವು. ಇದಕ್ಕೆ ಮುಂಚೆ ಸೋಪು ಹಚ್ಚಿ ಕೈ ತೊಳೆದು ಪೂರ್ತಿ ಒಣಗಿಸಿ. ಬೆಣ್ಣೆ ದೋಸೆ ತಿಂದು ಕರವಸ್ತ್ರಕ್ಕೆ ಒರೆಸಿಕೊಂಡ ಬೆರಳಿನ ಗುರುತು ಮಿಂಚಿನ ಮೈಮೇಲೆ ಹಾಗೇ ಕೂರುತ್ತದೆ.

ಅಂಕ ಕೊಡುವ ಇನ್ನೊಂದು ಸಂಸ್ಥೆ ಬೆಕೆಟ್ ಈ ನಾಲ್ಕಕ್ಕೂ ಬೇರೆ ಬೇರೆ ಅಂಕ ಕೊಡುತ್ತದೆ. ಒಟ್ಟು ಅಂಕ ಬರೀ ಸರಾಸರಿಯಲ್ಲ, ಅತಿ ಕಡಿಮೆ ಬಂದದ್ದು ಉಳಿದವನ್ನೂ ಕೆಳಕ್ಕೆ ಎಳೆಯುತ್ತದೆ. 1991ರಲ್ಲಿ ಶುರುವಾದ ಪಿಎಸ್‌ಎ ಒಂದೇ ಅಂಕ ಕೊಡುತ್ತದೆ. ಯಾವುದಕ್ಕೆ ಕಳಿಸಿದರೂ ಅಂಚು ಕತ್ತರಿಸಿ ನೇರ ಮಾಡುವುದು, ಬಿಳಿ ಚುಕ್ಕಿಗೆ ಮಾರ್ಕರ್ ಹಚ್ಚುವುದು, ಮಡಿಕೆಗೆ ಇಸ್ತ್ರಿ ಹಾಕುವುದು ಬೇಡ. ಸಿಕ್ಕಿಬಿದ್ದರೆ ಅಂಕವಿಲ್ಲ, ‘ತಿದ್ದಲಾಗಿದೆ’ ಎಂಬ ಹಣೆಪಟ್ಟಿ ಬರುತ್ತದೆ. ಪಿಎಸ್‌ಎಗೆ ಕಳಿಸುವಾಗ ಗಟ್ಟಿ ಪ್ಲಾಸ್ಟಿಕ್ ಕವಚವಾದ ಟಾಪ್‌ಲೋಡರ್ ಬೇಡ. ಮೆತ್ತನೆ ಪ್ಲಾಸ್ಟಿಕ್ ಸ್ಲೀವ್ ಹಾಕಿ, ಅರೆಗಟ್ಟಿ ಪ್ಲಾಸ್ಟಿಕ್ ಕವಚದೊಳಗೆ ಇಡಬೇಕು. ಕಳಿಸಿದ ಸರಕೇ ವಾಪಸು ಬಂದದ್ದೆಂದು ಕಸ್ಟಮ್ಸ್‌ಗೆ ತೋರಿಸಲು ಹೋಗುವಾಗಿನ ಚೀಟಿ, ಎರಡೂ ಬದಿಯ ಫೋಟೊ, ಬರೆದ ಮೌಲ್ಯ ಇಟ್ಟುಕೊಂಡಿರಿ.

ಬೇಸಿಗೆಯಲ್ಲಿ ಮಿಂಚಿನ ಕಾರ್ಡುಗಳೆಲ್ಲ ಹಪ್ಪಳದಂತೆ ಬಾಗುತ್ತವೆ. ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಮೇಲೆ ಇನ್ನೂ ಹೆಚ್ಚಾಯಿತು. ಏಕೆ?
— ಶಿಕ್ಷಕಿ, ಚಳ್ಳಕೆರೆ

ಕಾರಣ ಆ ಪೊಟ್ಟಣವೇ. ಮಿಂಚಿನ ಕಾರ್ಡಿನ ಮುಂದೆ ಲೋಹದ ಹಾಳೆಯ ಪದರ, ಹಿಂದೆ ಕಾಗದ. ಕಾಗದ ತೇವ ಹೀರಿ ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಲೋಹದ ಪದರಕ್ಕೆ ಎರಡೂ ಗೊತ್ತಿಲ್ಲ. ಮಳೆಗಾಲದಲ್ಲಿ ಹಿಂಬದಿ ಹಿಗ್ಗಿದಾಗ ಅಂಚುಗಳು ಚಿತ್ರದ ಕಡೆಗೆ ಏಳುತ್ತವೆ. ನಿಮ್ಮೂರಿನ ಏಪ್ರಿಲ್‌ನಲ್ಲಿ ಹಿಂಬದಿ ಕುಗ್ಗಿ ಅಂಚುಗಳು ಹಿಂದಕ್ಕೆ ಬಾಗುತ್ತವೆ, ಚಿತ್ರ ಉಬ್ಬುತ್ತದೆ. ಯಾವ ಕಡೆ ಬಾಗಿದೆ ಎಂದು ನೋಡಿದರೆ ತೇವ ಹೆಚ್ಚಾಗಿದೆಯೋ ಕಡಿಮೆಯೋ ತಿಳಿಯುತ್ತದೆ. ಮೊದಲೇ ಒಣಗಿದ ಬಯಲುಸೀಮೆಯ ಗಾಳಿಯಲ್ಲಿ ಸಿಲಿಕಾ ಜೆಲ್ ಹಾಕಿ ಉಳಿದ ತೇವವನ್ನೂ ಹೀರಿಸಿದಿರಿ. ಇಂಟರ್ನೆಟ್ಟಿನ ಸಲಹೆಗಳು ಬಹುಪಾಲು ತೇವ ಹೆಚ್ಚಿರುವ ಊರಿನವರು ಬರೆದವು. ಮಂಗಳೂರಿಗೆ ಸರಿಹೋದದ್ದು ಚಳ್ಳಕೆರೆಗೆ ಹೋಗುವುದಿಲ್ಲ.

ಸಣ್ಣ ತೇವಮಾಪಕ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ರಬ್ಬರ್ ಅಂಚಿನ, ಗಾಳಿಯಾಡದ ಅಡುಗೆಮನೆ ಡಬ್ಬಿಯೊಂದರಲ್ಲಿ ಅದನ್ನೂ ಕಾರ್ಡುಗಳನ್ನೂ ಇಡಿ. ಮುಳ್ಳು ಶೇಕಡ 45ರಿಂದ 55ರ ನಡುವೆ ನಿಲ್ಲಬೇಕು. ಬೇಸಿಗೆಯಲ್ಲಿ ‘49’ ಎಂದು ಬರೆದ, ತೇವ ಕೊಡುವ ಮತ್ತು ಹೀರುವ ಎರಡೂ ಕೆಲಸ ಮಾಡುವ ಪೊಟ್ಟಣ ಹಾಕಿ. ವಾದ್ಯ ಇಡುವವರಿಗೆಂದು ಮಾಡಿದ ಇವು ಆನ್‌ಲೈನಿನಲ್ಲಿ ಸಿಗುತ್ತವೆ. ಸಿಲಿಕಾ ಜೆಲ್ ಬೇಕಿದ್ದರೆ ಮುಳ್ಳು 60 ದಾಟಿದ ಮಳೆಗಾಲದ ವಾರಗಳಿಗೆ ಮಾತ್ರ. ಬಾಗಿದ ಕಾರ್ಡು ಡಬ್ಬಿಯೊಳಗೆ ತಾನಾಗಿ ನೇರವಾಗಲು ಎರಡು ಮೂರು ವಾರ ಬಿಡಿ. ಅವಸರಕ್ಕೆ ನಿಘಂಟಿನ ಕೆಳಗಿಟ್ಟು ಒತ್ತಿದರೆ ಅಂಚು ನಜ್ಜಾಗುತ್ತದೆ, ಭಾರ ತೆಗೆದ ಮೇಲೆ ಮತ್ತೆ ಬಾಗುತ್ತದೆ.

ಬಿಸಿಲು ಬೀಳುವ ಗೋಡೆಗೆ ಒರಗಿದ ಕಬ್ಬಿಣದ ಬೀರು, ತಗಡಿನ ಸೂರಿನ ಕೆಳಗಿನ ಅಟ್ಟ, ಎರಡೂ ಬೇಡ. ನುಸಿ ಗುಳಿಗೆ ಬಟ್ಟೆಗೆ ಸರಿ, ಅದರ ಆವಿ ಕೆಲವು ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುತ್ತದೆ. ಆಲ್ಬಮ್ ಕೊಳ್ಳುವಾಗ ‘ಪಿವಿಸಿ ಇಲ್ಲ’ ಎಂದು ಬರೆದಿರುವ ಪಾಲಿಪ್ರೊಪಿಲೀನ್ ಹಾಳೆ ಕೇಳಿ, ಬದಿಯಿಂದ ತೂರಿಸುವ ಒಂಬತ್ತು ಕಿಸೆಯದು. ವಾಸನೆ ಹೊಡೆಯುವ ಮೆತ್ತನೆ ಪಿವಿಸಿ ವರ್ಷಗಳ ಮೇಲೆ ಕಾರ್ಡಿಗೆ ಅಂಟಿಕೊಳ್ಳುತ್ತದೆ. ಉಂಗುರದ ಫೈಲಿನಲ್ಲಿ ಒಳಸಾಲಿನ ಕಾರ್ಡಿಗೆ ಉಂಗುರದ ತಗ್ಗು ಬೀಳುತ್ತದೆ. ದುರ್ಗದ ಗಾಳಿಯ ಧೂಳಿನ ಬಗ್ಗೆ ಬೇರೆ ಹೇಳಬೇಕಿಲ್ಲ. ಸ್ಲೀವಿಗೆ ಹಾಕುವ ಮೊದಲು ಕ್ಯಾಮೆರಾ ಒರೆಸುವ ರಬ್ಬರ್ ಬುಗ್ಗೆಯಿಂದ ಊದಿ, ಬಟ್ಟೆಯಲ್ಲಿ ಉಜ್ಜಬೇಡಿ. ಒಳಗೆ ಉಳಿದ ಒಂದು ಮರಳಿನ ಕಣ ಸಾಕು, ಕಾರ್ಡನ್ನು ಹೊರಗೆಳೆದಾಗೆಲ್ಲ ಒಂದು ಗೀರು.

ತೊಂಬತ್ತರ ದಶಕದ ಡಬ್ಲ್ಯುಡಬ್ಲ್ಯುಎಫ್ ಟ್ರಂಪ್ ಕಾರ್ಡು, ಬಬಲ್‌ಗಮ್ ಜೊತೆ ಬಂದ ಕ್ರಿಕೆಟ್ ಚಿತ್ರ ಒಂದು ಡಬ್ಬಿ ತುಂಬ ಇವೆ. ಬೆಲೆ?
— ಓದುಗರು, ಹೊಸದುರ್ಗ

ನೆನಪಿನ ಬೆಲೆ ದೊಡ್ಡದು, ಮಾರುಕಟ್ಟೆ ಬೆಲೆ ಸಣ್ಣದು. ಆ ಟ್ರಂಪ್ ಕಾರ್ಡುಗಳನ್ನು ಹಲವು ಮುದ್ರಕರು ಅನುಮತಿ ಇಲ್ಲದೆಯೇ ಅಚ್ಚು ಹಾಕಿದರು. ವರ್ಷವಿಲ್ಲ, ಕಂತಿನ ಸಂಖ್ಯೆ ಇಲ್ಲ, ಪಟ್ಟಿ ಇಲ್ಲ. ಪಟ್ಟಿ ಇಲ್ಲದ ಕಡೆ ಯಾವುದು ಅಪರೂಪ ಎಂದು ಹೇಳುವವರೂ ಇಲ್ಲ. ಆ ಕುಸ್ತಿ ಕಂಪನಿಯ ಹೆಸರು 2002ರಲ್ಲಿ ಡಬ್ಲ್ಯುಡಬ್ಲ್ಯುಇ ಆಯಿತು, ಆದ್ದರಿಂದ ಎಫ್ ಇರುವುದು ಬಹುಶಃ ಅದಕ್ಕೂ ಮುಂಚಿನದು ಎನ್ನಬಹುದು, ಅಷ್ಟೆ. ಬಿಡಿ ಕಾರ್ಡಿಗಿಂತ ರಟ್ಟಿನ ಡಬ್ಬಿ, ನಿಯಮದ ಚೀಟಿ ಸಮೇತ ಒಂದೂ ತಪ್ಪದ ಪೂರ್ತಿ ಕಟ್ಟಿಗೆ ಗಿರಾಕಿ ಇದ್ದಾರೆ. ರಬ್ಬರ್‌ಬ್ಯಾಂಡ್ ಹಾಕಿದ್ದರೆ ಇವತ್ತೇ ಬಿಚ್ಚಿ. ಅದು ಅಂಚನ್ನು ಕಚ್ಚುತ್ತದೆ, ಹಳತಾದ ಮೇಲೆ ಕರಗಿ ಅಂಟುತ್ತದೆ. ಡಬ್ಬಿಯಲ್ಲಿ ಆಸ್ಟ್ರೇಲಿಯಾದ ಫ್ಯುಟೆರಾ ಕಂಪನಿಯ ತೊಂಬತ್ತರ ದಶಕದ ಕ್ರಿಕೆಟ್ ಕಾರ್ಡು ಸೇರಿಕೊಂಡಿದ್ದರೆ ಬೇರೆ ತೆಗೆದಿಡಿ. ಅವುಗಳಿಗೆ ಸಂಖ್ಯೆ ಇದೆ, ಹೋಲಿಸಲು ಮಾರಾಟದ ದಾಖಲೆ ಸಿಗುತ್ತದೆ.

ತಾತನ ನೋಟ್‌ಬುಕ್ಕಿನಲ್ಲಿ ಸಿಗರೇಟು ಪೊಟ್ಟಣದ ಕ್ರಿಕೆಟ್ ಕಾರ್ಡುಗಳನ್ನು ಅಂಟಿಸಿದ್ದಾರೆ. ಒಂದರ ಮೇಲೆ ರಣಜಿತ್‌ಸಿಂಹಜಿ ಚಿತ್ರವಿದೆ. ನೀರಿನಲ್ಲಿ ನೆನೆಸಿ ಬಿಡಿಸಬಹುದೇ?
— ನಿವೃತ್ತ ಬ್ಯಾಂಕ್ ನೌಕರರು, ದಾವಣಗೆರೆ

ಬಿಡಿಸುವ ಮೊದಲು ನೋಟ್‌ಬುಕ್ಕಿನ ಪ್ರತಿ ಪುಟದ ಫೋಟೊ ತೆಗೆಯಿರಿ. ಆಮೇಲೆ ಹಳತೋ ಮರುಮುದ್ರಣವೋ ನೋಡಿ. ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚನ್ನು ಕತ್ತಲೆಯಲ್ಲಿ ಕಾರ್ಡಿನ ಮೇಲೆ ಬಿಡಿ. ಕಾಗದಕ್ಕೆ ಬಿಳುಪು ಕೊಡುವ ರಾಸಾಯನಿಕ ಬಳಕೆಗೆ ಬಂದದ್ದು ಸುಮಾರು 1950ರ ಹೊತ್ತಿಗೆ. ಕಾಗದ ನೀಲಿ-ಬಿಳಿಯಾಗಿ ಝಗ್ಗೆಂದು ಹೊಳೆದರೆ ಅದು ರಣಜಿಯ ಕಾಲದ್ದಲ್ಲ. ಮಂಕಾಗಿ ಉಳಿದರೆ ಹಳೆಯದಿರಬಹುದು. ಈ ಟಾರ್ಚು ಸುಳ್ಳನ್ನು ಹಿಡಿಯುತ್ತದೆ, ನಿಜವನ್ನು ಸಾಬೀತು ಮಾಡುವುದಿಲ್ಲ.

ಹಿಂಬದಿಯಲ್ಲಿ ತಯಾರಕರ ಹೆಸರಿರುತ್ತದೆ. ವಿಲ್ಸ್ ಕಂಪನಿ 1896ರಲ್ಲೇ ಐವತ್ತು ಕ್ರಿಕೆಟಿಗರ ಸರಣಿ ತಂದಿತ್ತು. ಆ ಕಾಲದವು ಕಡಿಮೆ ಉಳಿದಿವೆ, ಬೆಲೆಯೂ ಇದೆ. ಜಾನ್ ಪ್ಲೇಯರ್ ಕಂಪನಿಯ 1934, 1938ರ ಸರಣಿಗಳು ಅಪಾರ ಸಂಖ್ಯೆಯಲ್ಲಿ ಅಚ್ಚಾದವು, ಇವತ್ತಿಗೂ ಸುಲಭವಾಗಿ ಸಿಗುತ್ತವೆ. ತೊಂಬತ್ತು ವರ್ಷ ಹಳೆಯದು ಎಂಬ ಒಂದೇ ಕಾರಣಕ್ಕೆ ದುಡ್ಡು ಹುಟ್ಟುವುದಿಲ್ಲ. ಅಮೆರಿಕದ ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್‌ನ ಸಿಗರೇಟು ಕಾರ್ಡು 2022ರಲ್ಲಿ 72.5 ಲಕ್ಷ ಡಾಲರಿಗೆ ಹೋಯಿತೆಂದರೆ, 1909ರಿಂದ 1911ರವರೆಗೆ ಬಂದ ಆ ಸರಣಿಯಲ್ಲಿ ಅವನ ಕಾರ್ಡನ್ನು ಬೇಗನೆ ನಿಲ್ಲಿಸಿಬಿಟ್ಟರು, ಉಳಿದಿರುವುದು ಐವತ್ತು ಅರವತ್ತು. ಅದೇ ಸರಣಿಯ ಉಳಿದ ಬಹುತೇಕ ಕಾರ್ಡುಗಳಿಗೆ ಆ ಯೋಗವಿಲ್ಲ.

ನೆನೆಸುವ ವಿಚಾರ. ಹೊಳಪು ಲೇಪನವಿಲ್ಲದ ಹಳೆಯ ಕಾರ್ಡು, ಅಂಟು ಗಂಜಿಯದೋ ಗೋಂದಿನದೋ ಆಗಿದ್ದರೆ ಮಾತ್ರ ನೀರು ಕೆಲಸ ಮಾಡುತ್ತದೆ. ಮೊದಲು ಅತಿ ಅಗ್ಗದ ಒಂದನ್ನು, ಸುತ್ತಲ ನೋಟ್‌ಬುಕ್ ಹಾಳೆ ಸಮೇತ ಕತ್ತರಿಸಿ, ಶುದ್ಧೀಕರಿಸಿದ ತಣ್ಣೀರಿನ ತಟ್ಟೆಯಲ್ಲಿ ಮುಳುಗಿಸಿ. ಬೋರ್‌ವೆಲ್ ನೀರು ಬೇಡ, ಉಪ್ಪಿನ ಕಲೆ ಉಳಿಯುತ್ತದೆ. ಹಾಳೆಯ ಮೇಲೆ ಶಾಯಿಯ ಬರಹವಿದ್ದರೆ ಅಲ್ಲೇ ಕೈಬಿಡಿ, ಶಾಯಿ ಕಾರ್ಡಿಗೆ ಇಳಿಯುತ್ತದೆ. ಅರ್ಧ ಗಂಟೆಯಿಂದ ಕೆಲವು ಗಂಟೆಯೊಳಗೆ ಹಾಳೆ ತಾನಾಗಿ ಜಾರಬೇಕು. ನೀವು ಎಳೆಯಬಾರದು, ಎಳೆದರೆ ಹಿಂಬದಿಯ ಅಚ್ಚು ಹಾಳೆಯ ಜೊತೆ ಹೋಗುತ್ತದೆ. ಬಿಟ್ಟ ಮೇಲೆ ಹೊಸ ನೀರಿನಲ್ಲಿ ಅದ್ದಿ, ಎರಡು ಬಿಳಿ ಒತ್ತುಕಾಗದಗಳ ನಡುವೆ ಇಟ್ಟು, ಮೇಲೆ ಹದವಾದ ಭಾರ ಹೇರಿ. ಮೊದಲ ದಿನ ಕಾಗದವನ್ನು ಮೂರು ನಾಲ್ಕು ಸಲ ಬದಲಿಸಿ, ವಾರ ಬಿಟ್ಟು ತೆಗೆಯಿರಿ. ಫೆವಿಕಾಲ್, ಸೆಲ್ಲೋಟೇಪ್‌ಗೆ ನೀರು ಸಾಲದು. ರಣಜಿಯ ಕಾರ್ಡು 1901ರ ಆಸುಪಾಸಿನದು ಎನಿಸಿದರೆ ನೀವು ಕೈಹಾಕಲೇಬೇಡಿ, ನೋಟ್‌ಬುಕ್ ಸಮೇತ ಕಾಗದ ಸಂರಕ್ಷಣೆ ಬಲ್ಲವರಿಗೆ ತೋರಿಸಿ.

ಲ್ಯಾಮಿನೇಷನ್ ಮಾಡಿಸಿದರೆ ಹಾಳಾಗುವುದಿಲ್ಲ ಅಲ್ಲವೇ?
— ಓದುಗರು, ಜಗಳೂರು

ಬಿಸಿ ಅಂಟು ಕಾರ್ಡಿನೊಳಗೇ ಇಳಿಯುತ್ತದೆ, ಮತ್ತೆ ಬಿಡಿಸಲಾಗದು. ಸಂಗ್ರಾಹಕನ ಲೆಕ್ಕದಲ್ಲಿ ಅದು ಅಲ್ಲಿಗೆ ಸತ್ತ ಕಾರ್ಡು.

ಬೇರೆ ಊರಿನವರಿಂದ ಆನ್‌ಲೈನಿನಲ್ಲಿ, ಅಂಕ ಹಾಕಿ ಮುಚ್ಚಿದ ಕಾರ್ಡು ಕೊಳ್ಳುತ್ತಿದ್ದೇನೆ. ಮೋಸಹೋಗದಿರಲು ಏನು ಕೇಳಬೇಕು?
— ಮೊಬೈಲ್ ಅಂಗಡಿಯವರು, ಹಿರಿಯೂರು

ಪ್ಲಾಸ್ಟಿಕ್ ಕವಚದ ಮೇಲಿನ ಪ್ರಮಾಣ ಸಂಖ್ಯೆಯನ್ನು ಅಂಕ ಕೊಟ್ಟ ಸಂಸ್ಥೆಯ ತಾಣದಲ್ಲಿ ಹಾಕಿ ನೋಡಿ. ಹೆಸರು, ಅಂಕ ಹೊಂದಿದರೆ ಸಾಲದು, ಅಸಲಿ ಸಂಖ್ಯೆಯನ್ನೇ ನಕಲಿ ಕವಚಕ್ಕೆ ಹಾಕುತ್ತಾರೆ. ತಾಣದಲ್ಲಿ ಆ ಕಾರ್ಡಿನ ಚಿತ್ರವಿದ್ದರೆ ಅಂಚುಪಟ್ಟಿಯ ಅಗಲ, ಮಿಂಚಿನ ಚಕ್ರಗಳು ಬಿದ್ದಿರುವ ಜಾಗ, ಅಚ್ಚಿನ ಚುಕ್ಕಿ ಇವನ್ನು ಒಂದೊಂದಾಗಿ ತಾಳೆ ನೋಡಿ. ಕವಚದ ಜೋಡಣೆಯ ಅಂಚು ಬಿಳಿಚಿದ್ದರೆ ಯಾರೋ ಬಿಚ್ಚಿ ಮತ್ತೆ ಅಂಟಿಸಿದ್ದಾರೆ.

ಮಾರುವವರಿಂದ ಇವತ್ತಿನ ತಾರೀಕು, ನಿಮ್ಮ ಊರಿನ ಹೆಸರು ಬರೆದ ಚೀಟಿ ಪಕ್ಕಕ್ಕಿಟ್ಟ ವಿಡಿಯೊ ಕೇಳಿ. ದೀಪದ ಕೆಳಗೆ ಓರೆ ಹಿಡಿದು ತೋರಿಸಲಿ. ಕೊಡಲು ಹಿಂಜರಿದರೆ ಅಗ್ಗವೆಂದು ಆಸೆಪಡದೆ ಬಿಟ್ಟುಬಿಡಿ. ಹಣ ‘ವಾಪಸು ಹಾಕುತ್ತೇವೆ’ ಎಂದು ಕಳಿಸಿದ ಕ್ಯುಆರ್ ಸ್ಕ್ಯಾನ್ ಮಾಡಬೇಡಿ. ಯುಪಿಐನಲ್ಲಿ ಪಿನ್ ಬೇಕಾಗುವುದು ಹಣ ಕೊಡಲು, ಪಡೆಯಲು ಅಲ್ಲ.

ಬಿಡಿ ಕಾರ್ಡು ತರಿಸುವುದಾದರೆ ಕಟ್ಟುವ ರೀತಿಯನ್ನೂ ನೀವೇ ಹೇಳಿ: ಮೆತ್ತನೆ ಸ್ಲೀವ್, ಅದರ ಮೇಲೆ ಟಾಪ್‌ಲೋಡರ್, ಬಾಯಿಗೆ ಪೇಂಟರ್‌ಗಳ ಮಾಸ್ಕಿಂಗ್ ಟೇಪು, ತುದಿ ಮಡಚಿ ಹಿಡಿ ಬಿಟ್ಟಿರಬೇಕು. ಸೆಲ್ಲೋಟೇಪು ಹಾಕಿದರೆ ಬಿಚ್ಚುವ ಗುದ್ದಾಟದಲ್ಲೇ ಕಾರ್ಡು ಜಾರಿ ಮೂಲೆ ಮುರಿಯುತ್ತದೆ. ಆಮೇಲೆ ಜಿಪ್ ಚೀಲ, ಎರಡೂ ಕಡೆ ಗಟ್ಟಿ ರಟ್ಟು, ಗುಳ್ಳೆ ಹಾಳೆ, ಹೊರಗೆ ಸಣ್ಣ ಡಬ್ಬಿ. ಬರೀ ಲಕೋಟೆ ಬೇಡ, ವಿಂಗಡಿಸುವ ಯಂತ್ರ, ಚೀಲದ ಭಾರ ಎರಡಕ್ಕೂ ಅದು ಬಾಗುತ್ತದೆ. ರಿಜಿಸ್ಟರ್ಡ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ, ಆದ್ದರಿಂದ ವಿಮೆ ಸಮೇತ ಸ್ಪೀಡ್ ಪೋಸ್ಟ್ ಮಾಡಿಸಿ. ಬಂದ ಡಬ್ಬಿಯನ್ನು ವಿಳಾಸದ ಚೀಟಿ ತೋರಿಸುವುದರಿಂದ ಹಿಡಿದು ಕಾರ್ಡು ಹೊರಬರುವವರೆಗೆ ಎಲ್ಲೂ ನಿಲ್ಲಿಸದೆ ಒಂದೇ ವಿಡಿಯೊದಲ್ಲಿ ತೆಗೆದುಕೊಳ್ಳಿ. ತಕರಾರು ಬಂದರೆ ನಡುವೆ ಕತ್ತರಿಸಿದ ವಿಡಿಯೊವನ್ನು ಯಾರೂ ಒಪ್ಪುವುದಿಲ್ಲ.